ಆಳಸಮುದ್ರ ನೌಕೆ ‘ಟೈಟನ್’: ವಸ್ತುವಿನ ಆಯ್ಕೆ ಮತ್ತು ಪರೀಕ್ಷೆಯ ವೆಚ್ಚ

ಯಶವಂತಪುರ, ಪೀಣ್ಯ ಪ್ರದೇಶದ ಸಣ್ಣ ಕಾರ್ಖಾನೆಗಳಲ್ಲಿ “ಕೇಳಿದ ಗ್ರೇಡ್ ದೊರೆಯಲಿಲ್ಲ, ಇದೂ ಅಷ್ಟೇ ಗಟ್ಟಿ” ಎಂಬ ಮಾತು ಅಪರೂಪವೇನಲ್ಲ. ಗಟ್ಟಿ ಎಂದರೆ ಯಾವ ಬಗೆಯ ಭಾರಕ್ಕೆ ಗಟ್ಟಿ ಎಂಬುದು ಇಲ್ಲಿ ಕೇಳಬೇಕಾದ ಪ್ರಶ್ನೆ. 2023ರ ಜೂನ್ 18ರಂದು ಟೈಟಾನಿಕ್ ಹಡಗಿನ ಅವಶೇಷಗಳ ವೀಕ್ಷಣೆಗಾಗಿ ಉತ್ತರ ಅಟ್ಲಾಂಟಿಕ್ ಸಾಗರಕ್ಕಿಳಿದ, ಅಮೆರಿಕದ ಓಷನ್‌ಗೇಟ್ ಕಂಪನಿಯ ‘ಟೈಟನ್’ ನೌಕೆಯು ಒಳಕುಸಿದು, ಕಂಪನಿಯ ಮುಖ್ಯಸ್ಥರೂ ಸೇರಿದಂತೆ ಐವರು ಮೃತಪಟ್ಟದ್ದು ಈ ಪ್ರಶ್ನೆಯನ್ನು ಕಡೆಗಣಿಸಿದ್ದರಿಂದಲೇ.

ಸಮುದ್ರದಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಸುಮಾರು ಒಂದು ವಾಯುಭಾರದಷ್ಟು ಒತ್ತಡ ಹೆಚ್ಚುತ್ತದೆ. ಟೈಟಾನಿಕ್ ಇರುವ 3,800 ಮೀಟರ್ ಆಳದಲ್ಲಿ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 390 ಕಿಲೋಗ್ರಾಂ ಭಾರ ಬೀಳುತ್ತದೆ. ಈ ಭಾರವನ್ನು ಎಲ್ಲ ದಿಕ್ಕಿಗೂ ಸಮನಾಗಿ ಹಂಚಬಲ್ಲ ಆಕಾರವೆಂದರೆ ಗೋಳ. ಟೈಟನ್ ನೌಕೆಯದು ಸಿಲಿಂಡರ್ ಆಕಾರ. ಹೆಚ್ಚು ಜನರಿಗೆ ಸ್ಥಳಾವಕಾಶ ದೊರೆಯುತ್ತದೆ ಎಂಬುದು ಅದರ ಅನುಕೂಲ. ಸುಮಾರು 127 ಮಿಲಿಮೀಟರ್ ದಪ್ಪದ ಕಾರ್ಬನ್ ಫೈಬರ್ ಕೊಳವೆಯನ್ನು ಟೈಟಾನಿಯಂ ಉಂಗುರಗಳಿಗೆ ಅಂಟಿನಿಂದ ಜೋಡಿಸಲಾಗಿತ್ತು. ಕಾರ್ಬನ್ ಫೈಬರ್ ಎಳೆತಕ್ಕೆ ಅತ್ಯುತ್ತಮ ವಸ್ತು. ಅನಿಲವು ಒಳಗಿನಿಂದ ತಳ್ಳುವ ಸಿಲಿಂಡರುಗಳಿಗೆ ಅದು ಸಮರ್ಪಕ. ಹೊರಗಿನಿಂದ ಹಿಸುಕುವ ಭಾರದ ಎದುರು ಬಲ ಬಹುಮಟ್ಟಿಗೆ ರಾಳದ ಮೇಲೆ ಅವಲಂಬಿಸುತ್ತದೆ, ಪದರಗಳು ಬಿಡಿಸಿಕೊಳ್ಳತೊಡಗುತ್ತವೆ. ಲೋಹದ ದಣಿವನ್ನು ಅಳೆಯಲು ದಶಕಗಳ ಅನುಭವವಿದೆ. ಇಷ್ಟು ದಪ್ಪದ ಕಾರ್ಬನ್ ಕೊಳವೆಗೆ ಅಂತಹ ಆಧಾರವಿರಲಿಲ್ಲ.

ಎಚ್ಚರಿಕೆಗಳಿಗೇನೂ ಕೊರತೆಯಿರಲಿಲ್ಲ. ವೀಕ್ಷಣಾ ಕಿಟಕಿಗೆ 1,300 ಮೀಟರ್‌ವರೆಗಷ್ಟೇ ಪ್ರಮಾಣೀಕರಣವಿದೆ ಎಂದು ಆಕ್ಷೇಪಿಸಿದ ಹಿರಿಯ ಅಧಿಕಾರಿಯನ್ನು 2018ರಲ್ಲಿ ಕೆಲಸದಿಂದ ತೆಗೆಯಲಾಯಿತು. ಮೊದಲ ಕೊಳವೆ 2019ರಲ್ಲಿ ಬಿರುಕುಬಿಟ್ಟಿತು. ಎರಡನೆಯದರಿಂದ 2022ರ ಜುಲೈನಲ್ಲಿ ದೊಡ್ಡ ಸದ್ದು ಕೇಳಿಬಂದು, ಅಳತೆಯ ಅಂಕಿಗಳೇ ಬದಲಾದವು. ಆದರೂ ಬಿಚ್ಚಿ ಪರೀಕ್ಷಿಸಲಿಲ್ಲ. ಆ ಚಳಿಗಾಲದಲ್ಲಿ ನೌಕೆಯನ್ನು ಬಯಲಿನಲ್ಲೇ ಇಡಲಾಗಿತ್ತು. ಯಾವ ವರ್ಗೀಕರಣ ಸಂಸ್ಥೆಯ ಪ್ರಮಾಣಪತ್ರವೂ ಇರಲಿಲ್ಲ. ಪ್ರತಿ ಪ್ರಯಾಣಿಕನಿಗೆ 2.5 ಲಕ್ಷ ಡಾಲರ್, ಅಂದರೆ ಸುಮಾರು 2 ಕೋಟಿ ರೂಪಾಯಿ ದರ ನಿಗದಿಪಡಿಸಿದ್ದ ಕಂಪನಿಗೆ ಪರೀಕ್ಷೆಯ ಖರ್ಚು ಹೊರೆಯಾಗಿ ಕಂಡದ್ದು ವಿಚಿತ್ರ. ಈ ದುರಂತವನ್ನು ತಪ್ಪಿಸಬಹುದಾಗಿತ್ತೆಂದು ಅಮೆರಿಕದ ಕರಾವಳಿ ರಕ್ಷಣಾ ಪಡೆಯ ತನಿಖಾ ಮಂಡಳಿ 2025ರ ಆಗಸ್ಟ್‌ನಲ್ಲಿ ವರದಿ ನೀಡಿತು.

ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯು 6,000 ಮೀಟರ್ ಆಳಕ್ಕಾಗಿ ರೂಪಿಸುತ್ತಿರುವ ‘ಮತ್ಸ್ಯ 6000’ ನೌಕೆಯ ಮಾರ್ಗ ಬೇರೆ. ಮೂವರು ಕುಳಿತುಕೊಳ್ಳುವ 2.1 ಮೀಟರ್ ವ್ಯಾಸದ ಗೋಳಕ್ಕೆ 80 ಮಿಲಿಮೀಟರ್ ದಪ್ಪದ ಟೈಟಾನಿಯಂ ಮಿಶ್ರಲೋಹವನ್ನು ಆರಿಸಲಾಗಿದ್ದು, ಅದರ ನಿರ್ಮಾಣದಲ್ಲಿ ಇಸ್ರೊ ಕೈಜೋಡಿಸಿದೆ. ಮೊದಲು 500 ಮೀಟರ್ ಮಟ್ಟದ ಉಕ್ಕಿನ ಗೋಳವನ್ನು ಬಳಸಿ, ಹಂತಹಂತವಾಗಿ ಪರೀಕ್ಷಿಸಲಾಗುತ್ತಿದೆ. ಕಾಲ ಹೆಚ್ಚು ಹಿಡಿಯುತ್ತದೆ, ನಿಜ.

ಬಿಡಿಭಾಗ ತಯಾರಕರಿಗೂ ಇದು ದೂರದ ವಿಷಯವಲ್ಲ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು ‘ಉತ್ಪನ್ನ ತಯಾರಕ’ ಎಂಬ ಪದದೊಳಗೆ ಉತ್ಪನ್ನದ ಭಾಗಗಳನ್ನು ತಯಾರಿಸುವವರನ್ನೂ ಸೇರಿಸಿದೆ. 84ನೇ ಪ್ರಕರಣದಂತೆ ವಿನ್ಯಾಸದ ದೋಷ, ತಯಾರಿಕೆಯ ದೋಷ, ನಿಗದಿತ ವಿವರಣೆಗಳಿಂದ ದೂರ ಸರಿಯುವುದು ಇವೆಲ್ಲವೂ ಹೊಣೆಗಾರಿಕೆಗೆ ಕಾರಣಗಳು. ಆದ್ದರಿಂದ ಬದಲಿ ವಸ್ತುವಿಗೆ ಖರೀದಿದಾರರ ಲಿಖಿತ ಒಪ್ಪಿಗೆ ಪಡೆಯುವುದು, ಪರೀಕ್ಷಾ ಶುಲ್ಕವನ್ನು ಕೊಟೇಷನ್‌ನಲ್ಲೇ ಪ್ರತ್ಯೇಕವಾಗಿ ತೋರಿಸುವುದು, ಮಿಲ್ ಟೆಸ್ಟ್ ಸರ್ಟಿಫಿಕೇಟಿನ ಹೀಟ್ ಸಂಖ್ಯೆಯನ್ನು ಕತ್ತರಿಸಿದ ಪ್ರತಿ ತುಂಡಿನ ಮೇಲೂ ಗುರುತಿಸಿ ಇನ್‌ವಾಯ್ಸ್‌ನೊಂದಿಗೆ ಕಡತದಲ್ಲಿಡುವುದು ಅಗತ್ಯ.