ವಿದೇಶದಲ್ಲಿ ಸ್ವಂತ ಚಾಲನೆ: ಪ್ರವಾಸ ತಂಡದ್ದು, ಹೊಣೆ ಪ್ರತಿಯೊಬ್ಬರದು

ಬಂಧುಗಳೋ ಸ್ನೇಹಿತರೋ ಒಂದುಗೂಡಿ ವಿದೇಶಕ್ಕೆ ತೆರಳಿ, ಅಲ್ಲಿ ಬಾಡಿಗೆಗೆ ಪಡೆದ ಕಾರನ್ನು ತಾವೇ ನಡೆಸಿಕೊಂಡು ಊರೂರು ಸುತ್ತುವ ಪದ್ಧತಿ ಪುಣೆಯಂತಹ ನಗರಗಳಲ್ಲಿ ರೂಢಿಗೆ ಬಂದಿದೆ. ಇಂತಹ ತಂಡಗಳಲ್ಲಿ, ಒಬ್ಬರ ಬಳಿ ಅನುಮತಿ ಪತ್ರವಿದ್ದರೆ ಸಾಕು, ಉಳಿದವರು ದಾರಿಯಲ್ಲಿ ಸರದಿಯಂತೆ ವಾಹನ ನಡೆಸಬಹುದು ಎಂಬ ತಪ್ಪು ಕಲ್ಪನೆ ಉಂಟು. ಪ್ರವಾಸದ ವೆಚ್ಚವನ್ನು ಹಂಚಿಕೊಳ್ಳಬಹುದು. ಚಾಲನೆಯ ಅರ್ಹತೆಯನ್ನು ಹಂಚಿಕೊಳ್ಳಲಾಗದು.

ಅನುಮತಿ ಪತ್ರ

ರಸ್ತೆ ಸಂಚಾರವನ್ನು ಕುರಿತ 1949ರ ಜಿನೀವಾ ಒಡಂಬಡಿಕೆಯಲ್ಲಿ ಭಾರತವು ಪಾಲುದಾರ ರಾಷ್ಟ್ರ. ಅದರಂತೆ ನಮ್ಮ ಸಾರಿಗೆ ಕಚೇರಿಗಳು ಅಂತಾರಾಷ್ಟ್ರೀಯ ಚಾಲನಾ ಅನುಮತಿ ಪತ್ರವನ್ನು ನೀಡುತ್ತವೆ. ಪುಣೆ ನಗರದ ನಿವಾಸಿಗಳು ಎಂಎಚ್-12 ಸಂಕೇತದ ಪ್ರಾದೇಶಿಕ ಸಾರಿಗೆ ಕಚೇರಿಗೂ, ಪಿಂಪ್ರಿ-ಚಿಂಚವಾಡದವರು ಎಂಎಚ್-14 ಸಂಕೇತದ ಕಚೇರಿಗೂ ನಮೂನೆ 4-ಎ ಮೂಲಕ ಅರ್ಜಿ ಸಲ್ಲಿಸಬೇಕು. ಕರ್ನಾಟಕದಲ್ಲಿ ಪರವಾನಗಿ ಪಡೆದು ಪುಣೆಯಲ್ಲಿ ನೆಲೆಸಿರುವವರು ಅದರಲ್ಲಿನ ವಿಳಾಸವನ್ನು ಮುಂಚಿತವಾಗಿಯೇ ಪರಿಶೀಲಿಸಿಕೊಳ್ಳುವುದು ಲೇಸು.

2021ರ ಜನವರಿಯ ತಿದ್ದುಪಡಿಯಿಂದ ಅರ್ಜಿಯೊಡನೆ ವೈದ್ಯಕೀಯ ಪ್ರಮಾಣ ಪತ್ರ ಮತ್ತು ವೀಸಾ ಸಲ್ಲಿಸುವ ಅಗತ್ಯವನ್ನು ಕೈಬಿಡಲಾಯಿತು. 2022ರ ಆಗಸ್ಟ್‌ನಲ್ಲಿ ಹೊರಡಿಸಿದ ಅಧಿಸೂಚನೆಯು ದೇಶದಾದ್ಯಂತ ಪತ್ರಕ್ಕೆ ಏಕರೂಪವನ್ನು ನಿಗದಿಪಡಿಸಿ, ಮೂಲ ಪರವಾನಗಿಯೊಡನೆ ಜೋಡಿಸುವ ಕ್ಯೂಆರ್ ಸಂಕೇತವನ್ನು ಸೇರಿಸಿತು.

ಈ ಪತ್ರದ ಅವಧಿ ಗರಿಷ್ಠ ಒಂದು ವರ್ಷ. ಅದು ಮೂಲ ಪರವಾನಗಿಗೆ ಬದಲಿಯಲ್ಲ, ಪೂರಕ ಮಾತ್ರ; ಆದ್ದರಿಂದ ಎರಡನ್ನೂ ಜೊತೆಯಲ್ಲಿರಿಸಿಕೊಳ್ಳಬೇಕು. ಎಲ್ಲ ದೇಶಗಳೂ ಇದನ್ನು ಒಪ್ಪುವುದಿಲ್ಲ. ಜಪಾನ್ 1949ರ ಒಡಂಬಡಿಕೆಯ ಪತ್ರವನ್ನು ಮಾನ್ಯ ಮಾಡುತ್ತದೆ. ಚೀನಾದ ಮುಖ್ಯ ಭೂಭಾಗದಲ್ಲಿ ಅದಕ್ಕೆ ಮಾನ್ಯತೆಯಿಲ್ಲ.

ಬಾಡಿಗೆ ಕರಾರು ಮತ್ತು ವಿಮೆ

ವಾಹನವನ್ನು ನಡೆಸಲಿರುವ ಪ್ರತಿಯೊಬ್ಬರ ಹೆಸರೂ ಬಾಡಿಗೆ ಕರಾರಿನಲ್ಲಿ ದಾಖಲಾಗಿರಬೇಕು. ಹೆಸರಿಲ್ಲದವರು ಚಾಲನೆ ಮಾಡುವಾಗ ಅಪಘಾತ ಸಂಭವಿಸಿದರೆ ವಿಮೆಯ ರಕ್ಷಣೆ ತಪ್ಪಿಹೋಗಬಹುದು. ಆಗ ಚಿಕಿತ್ಸೆಯ, ದುರಸ್ತಿಯ ಹಾಗೂ ಪರಿಹಾರದ ಭಾರ ಒಂದು ಕುಟುಂಬದ ಜೀವಮಾನದ ಉಳಿತಾಯವನ್ನೇ ನುಂಗಬಲ್ಲದು. ಹೆಚ್ಚುವರಿ ಚಾಲಕನಿಗೆ ತೆರುವ ಶುಲ್ಕವನ್ನು ಉಳಿಸಲು ಹೋಗಿ ಇಂತಹ ಸಂಕಷ್ಟಕ್ಕೆ ಒಳಗಾಗುವುದು ವಿವೇಕವಲ್ಲ.

ರಸ್ತೆಯ ಮೇಲೆ

ಬ್ರಿಟನ್, ಜಪಾನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮತ್ತು ಥಾಯ್ಲೆಂಡ್‌ಗಳಲ್ಲಿ ನಮ್ಮಂತೆಯೇ ವಾಹನಗಳು ರಸ್ತೆಯ ಎಡಬದಿಯಲ್ಲಿ ಚಲಿಸುತ್ತವೆ. ಅಮೆರಿಕ ಹಾಗೂ ಯೂರೋಪಿನ ಬಹುಭಾಗದಲ್ಲಿ ಬಲಬದಿಯ ಸಂಚಾರವಿದೆ. ಬಲಬದಿಯ ದೇಶಗಳಲ್ಲಿ ನೇರ ಹೆದ್ದಾರಿಗಿಂತಲೂ ತಿರುವುಗಳಲ್ಲಿ, ಇಂಧನ ತುಂಬಿಸಿ ಮರಳಿ ರಸ್ತೆಗೆ ಇಳಿಯುವಾಗ, ನಿರ್ಜನ ಹಾದಿಯಲ್ಲಿ ಹಳೆಯ ಅಭ್ಯಾಸ ಮರುಕಳಿಸುವ ಸಂಭವ ಹೆಚ್ಚು. ಬ್ರಿಟನ್ ಮತ್ತು ಅಮೆರಿಕಗಳಲ್ಲಿ ವೇಗಮಿತಿಯನ್ನು ಮೈಲಿಗಳಲ್ಲಿ ಸೂಚಿಸಲಾಗುತ್ತದೆ; ಒಂದು ಮೈಲಿ ಎಂದರೆ ಸುಮಾರು 1.6 ಕಿಲೋಮೀಟರ್.

2002ರಲ್ಲಿ ಪೂರ್ಣವಾಗಿ ತೆರೆದ ಮುಂಬಯಿ–ಪುಣೆ ದ್ರುತಗತಿ ಮಾರ್ಗದಲ್ಲಿ ಪಳಗಿದ ಚಾಲಕನಿಗೂ ಇವೆಲ್ಲ ಹೊಸತೇ. ದೀರ್ಘ ವಿಮಾನಯಾನದ ನಂತರ ತೂಕಡಿಕೆ ಸಹಜವಾದುದರಿಂದ ಮೊದಲ ದಿನ ವಿಶ್ರಾಂತಿ ಪಡೆದು, ಬಳಿಕ ಎರಡು ಗಂಟೆಗೊಮ್ಮೆ ವಾಹನವನ್ನು ನಿಲ್ಲಿಸಿ ದಣಿವಾರಿಸಿಕೊಳ್ಳಬೇಕು. ಹಲವು ಕಾರುಗಳು ಒಟ್ಟಿಗೆ ಹೊರಟಾಗ ಮುಂದಿನದನ್ನು ಬೆನ್ನಟ್ಟಬಾರದು. ಸೇರುವ ಸ್ಥಳವನ್ನು ಮೊದಲೇ ಗೊತ್ತುಪಡಿಸಿಕೊಂಡರೆ ಆತುರಕ್ಕೆ ಎಡೆಯಿರುವುದಿಲ್ಲ.

ಸಹಪ್ರಯಾಣಿಕರೂ ಹೊಣೆಯಿಂದ ಮುಕ್ತರಲ್ಲ. 2007ರ ತಿದ್ದುಪಡಿಯ ನಂತರ ಜಪಾನಿನಲ್ಲಿ ಚಾಲಕನು ಮದ್ಯ ಸೇವಿಸಿರುವುದನ್ನು ತಿಳಿದೂ, ತನ್ನನ್ನು ಕರೆದೊಯ್ಯುವಂತೆ ಕೇಳಿಕೊಂಡು ಜೊತೆಯಲ್ಲಿ ಸಾಗಿದವರೂ ಶಿಕ್ಷಾರ್ಹರು. ಆ ಕಾನೂನಿಲ್ಲದ ನಾಡಿನಲ್ಲೂ ಅದರ ಆಶಯ ಅನುಸರಣೀಯ. ದಣಿದವನ ಕೈಯಿಂದ ಬೀಗದಕೈಯನ್ನು ಕೇಳಿ ಪಡೆಯುವ ಸ್ನೇಹಿತನೇ ತಂಡವನ್ನು ಕ್ಷೇಮವಾಗಿ ಮನೆಗೆ ಮರಳಿಸಬಲ್ಲನು.