ಪದರಗಳ ನಡುವಿನ ಬಿರುಕು

1970ರ ಮೇ ತಿಂಗಳು. ಬ್ರಿಟನ್ನಿನ ರೋಲ್ಸ್ ರಾಯ್ಸ್ ಕಂಪನಿ ಲಾಕ್‌ಹೀಡ್ ಟ್ರೈಸ್ಟಾರ್ ವಿಮಾನಕ್ಕೆಂದು ಆರ್‌ಬಿ211 ಎಂಜಿನ್ ತಯಾರಿಸುತ್ತಿತ್ತು. ಅದರ ಮುಂಭಾಗದ ಫ್ಯಾನಿಗೆ ಲೋಹದ ಬದಲು ಹೈಫಿಲ್ ಎಂಬ ಕಾರ್ಬನ್ ನಾರಿನ ಕಾಂಪೋಸಿಟ್‌ನಿಂದ ಅಲಗುಗಳನ್ನು ಮಾಡಿದ್ದರು. ಉಳಿದ ಪರೀಕ್ಷೆಗಳನ್ನೆಲ್ಲ ಆ ಅಲಗುಗಳು ದಾಟಿದ್ದವು. ಹಾರಾಟದಲ್ಲಿ ಹಕ್ಕಿ ಬಡಿದರೆ ಏನಾದೀತು ಎಂದು ನೋಡಲು ಸತ್ತ ಕೋಳಿಯೊಂದನ್ನು ತೋಪಿನಿಂದ ಹಾರಿಸಿದಾಗ ಮಾತ್ರ ಚೂರುಚೂರಾದವು. ಕಂಪನಿ ಟೈಟೇನಿಯಮ್ ಅಲಗುಗಳಿಗೆ ಹೊರಳಿತು. ಆ ಎಂಜಿನ್ನಿನ ಖರ್ಚು ಕೈಮೀರಿ 1971ರ ಫೆಬ್ರವರಿಯಲ್ಲಿ ಕಂಪನಿಯೇ ದಿವಾಳಿಯಾಯಿತು. ಸರ್ಕಾರ ಅದನ್ನು ವಹಿಸಿಕೊಳ್ಳಬೇಕಾಯಿತು.

ಕಾರ್ಬನ್ ನಾರು ಬಲಹೀನ ವಸ್ತುವೇನಲ್ಲ. ನಾರಿನ ಉದ್ದಕ್ಕೆ ಎಳೆದು ನೋಡಿದರೆ, ಅಷ್ಟೇ ತೂಕದ ಉಕ್ಕು ಅದರ ಹತ್ತಿರಕ್ಕೂ ಬರುವುದಿಲ್ಲ. ದೌರ್ಬಲ್ಯ ಇರುವುದು ನಾರಿನಲ್ಲಲ್ಲ, ನಾರಿನ ಪದರಗಳ ನಡುವೆ. ಇಂಥ ವಸ್ತುವನ್ನು ಕಟ್ಟುವ ಬಗೆ ಹೀಗೆ: ಸುಮಾರು 7 ಮೈಕ್ರಾನ್ ದಪ್ಪದ ಸಾವಿರಾರು ಎಳೆಗಳನ್ನು ಒಂದೇ ದಿಕ್ಕಿಗೆ ಜೋಡಿಸಿ ಇಪಾಕ್ಸಿ ರಾಳದಲ್ಲಿ ಅದ್ದಿದರೆ ಒಂದು ಹಾಳೆ. ಅದರ ದಪ್ಪ ಮಿಲಿಮೀಟರಿನ ಎಂಟನೇ ಒಂದು ಭಾಗದಷ್ಟು. ಒಂದರ ಮೇಲೊಂದು ಹತ್ತಾರು ಹಾಳೆಗಳನ್ನು ಬೇರೆಬೇರೆ ಕೋನದಲ್ಲಿ ಹಾಸಿ, ಆಟೋಕ್ಲೇವ್ ಎಂಬ ಒತ್ತಡದ ಒಲೆಯಲ್ಲಿ ಬೇಯಿಸಿ ಗಟ್ಟಿ ಮಾಡುತ್ತಾರೆ. ಹಾಳೆಯೊಳಗೆ ಭಾರ ಹೊರಲು ನಾರಿದೆ. ಎರಡು ಹಾಳೆಗಳ ನಡುವೆ ಇರುವುದು ಬರೀ ರಾಳ. ಬಿರುಕು ಅಲ್ಲಿ ಹೊಕ್ಕರೆ ಅದನ್ನು ಅಡ್ಡಗಟ್ಟಲು ಒಂದೇ ಒಂದು ಎಳೆಯೂ ಇಲ್ಲ. ಹೀಗೆ ಪದರ ಬಿಡುವುದಕ್ಕೆ ಎಂಜಿನಿಯರುಗಳು ಡಿಲ್ಯಾಮಿನೇಷನ್ ಎನ್ನುತ್ತಾರೆ.

ಅಲ್ಯುಮಿನಿಯಮ್ ತಗಡಿನ ಮೇಲೆ ಸ್ಪ್ಯಾನರ್ ಬಿದ್ದರೆ ತಗ್ಗು ಬೀಳುತ್ತದೆ, ಕಣ್ಣಿಗೆ ಕಾಣುತ್ತದೆ. ಕಾಂಪೋಸಿಟ್ ಮೇಲೆ ಬಿದ್ದರೆ ಮೇಲ್ಮೈ ನುಣುಪಾಗಿಯೇ ಉಳಿದು, ಒಳಗೆ ಪದರದಿಂದ ಪದರಕ್ಕೆ ಅಗಲವಾಗುತ್ತ ಹೋಗುವ ಬಿರುಕುಗಳ ಸಾಲೇ ಹುಟ್ಟಬಹುದು. ಆಮೇಲೆ ಆ ಭಾಗವನ್ನು ಅಮುಕಿದರೆ, ಬಿಟ್ಟ ತೆಳು ಪದರಗಳು ಒಂದೊಂದಾಗಿ ಬಾಗಿ ಉಬ್ಬುತ್ತವೆ. ಅಮುಕುವ ಭಾರವನ್ನು ತಡೆಯುವ ಶಕ್ತಿ ಅರ್ಧಕ್ಕಿಳಿಯುವುದೂ ಉಂಟು.

ಹಾಗಾದರೆ ಎಷ್ಟು ಬಲ ಬಿದ್ದರೆ ಪದರ ಬಿಡುತ್ತದೆ? ಈ ಪ್ರಶ್ನೆಗೆ ಉತ್ತರವಿಲ್ಲ, ಏಕೆಂದರೆ ಪ್ರಶ್ನೆಯೇ ಸರಿಯಿಲ್ಲ. ಬಿರುಕಿನ ಚೂಪು ತುದಿಯಲ್ಲಿ ಲೆಕ್ಕದ ಪ್ರಕಾರ ಒತ್ತಡ ಅನಂತಕ್ಕೇರುತ್ತದೆ. ಬಲವನ್ನಷ್ಟೇ ನೋಡಿದರೆ ಯಾವ ಬಿರುಕೂ ನಿಲ್ಲಲಾರದು. ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ಗಾಜನ್ನು ಒಡೆದು ನೋಡುತ್ತಿದ್ದ ಎ. ಎ. ಗ್ರಿಫಿತ್ 1921ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ತೊಡಕನ್ನು ಬಿಡಿಸಿದ್ದ. ಬಿರುಕು ಮುಂದುವರಿದು ಹೊಸ ಮೇಲ್ಮೈ ಹುಟ್ಟಬೇಕಾದರೆ ಶಕ್ತಿ ಖರ್ಚಾಗಬೇಕು. ಬಾಗಿ ನಿಂತ ವಸ್ತುವಿನೊಳಗೆ ಕೂಡಿಟ್ಟ ಶಕ್ತಿ ಆ ಖರ್ಚಿಗೆ ಸಾಲುವಷ್ಟಾದಾಗ ಬಿರುಕು ಓಡುತ್ತದೆ. ಪದರ ವಸ್ತುಗಳ ಮಟ್ಟಿಗೆ ನನಗೆ ಇದಕ್ಕಿಂತ ಉಪಯುಕ್ತವಾದ ವಿಚಾರ ಕಾಣುವುದಿಲ್ಲ.

ಆ ಖರ್ಚನ್ನು ಅಳೆಯುವ ಪರೀಕ್ಷೆ ನೋಡಲು ತೀರಾ ಸಾದಾ. 20-25 ಮಿಲಿಮೀಟರ್ ಅಗಲದ, 3ರಿಂದ 5 ಮಿಲಿಮೀಟರ್ ದಪ್ಪದ ಪಟ್ಟಿ. ಹಾಳೆ ಹಾಸುವಾಗಲೇ ನಟ್ಟನಡುವಿನ ಪದರದಲ್ಲಿ, ಒಂದು ತುದಿಗೆ, ಕೂದಲಿಗಿಂತ ತೆಳುವಾದ ಟೆಫ್ಲಾನ್ ಹಾಳೆ ಇಟ್ಟಿರುತ್ತಾರೆ. ಅಲ್ಲಿ ರಾಳ ಅಂಟುವುದಿಲ್ಲ, ಅದೇ ಹುಟ್ಟುಬಿರುಕು. ಆ ತುದಿಯ ಮೇಲೂ ಕೆಳಗೂ ಸಣ್ಣ ಕೀಲುಗಳನ್ನು ಅಂಟಿಸಿ, ಯಂತ್ರಕ್ಕೆ ಸಿಕ್ಕಿಸಿ, ನಿಮಿಷಕ್ಕೆ ಒಂದೆರಡು ಮಿಲಿಮೀಟರ್ ವೇಗದಲ್ಲಿ ಎರಡು ತೋಳುಗಳನ್ನು ಅಗಲಿಸುತ್ತಾರೆ. ಬಿರುಕು ಕಪ್ಪು ವಸ್ತುವಿನಲ್ಲಿ ಕಾಣುವುದಿಲ್ಲವಾದ್ದರಿಂದ ಪಟ್ಟಿಯ ಅಂಚಿಗೆ ಬಿಳಿ ಬಣ್ಣ ಬಳಿದು, ಮಿಲಿಮೀಟರಿಗೊಂದು ಗೆರೆ ಎಳೆದಿರುತ್ತಾರೆ. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟವರು ಬಿರುಕು ಒಂದೊಂದು ಗೆರೆ ದಾಟಿದಾಗಲೂ ಬಲವನ್ನೂ ಅಗಲಿದ ದೂರವನ್ನೂ ಬರೆದುಕೊಳ್ಳುತ್ತಾರೆ. ಇವೆರಡರ ಜೊತೆಗೆ ಬಿರುಕಿನ ಉದ್ದ, ಪಟ್ಟಿಯ ಅಗಲ ಗೊತ್ತಿದ್ದರೆ ಖರ್ಚಾದ ಶಕ್ತಿಯ ಲೆಕ್ಕ ಸಿಗುತ್ತದೆ. ಇಷ್ಟು ಸರಳವಾದ ಈ ವಿಧಾನ ಅಮೆರಿಕದ ಎಎಸ್‌ಟಿಎಂ ಮಾನದಂಡವಾಗಿ ಬಂದದ್ದು 1994ರಲ್ಲಿ, ಹೈಫಿಲ್ ಅಲಗು ಒಡೆದು 24 ವರ್ಷಗಳಾದ ಮೇಲೆ.

ಪೆಡಸಾದ ಇಪಾಕ್ಸಿಯಲ್ಲಿ ಸಿಗುವ ಬೆಲೆ ಚದರ ಮೀಟರಿಗೆ ಸುಮಾರು 250 ಜೂಲ್. ಅಂದರೆ 25 ಮಿಲಿಮೀಟರ್ ಅಗಲದ ಪಟ್ಟಿಯಲ್ಲಿ ಬಿರುಕು 1 ಸೆಂಟಿಮೀಟರ್ ಮುಂದೆ ಹೋಗಲು 0.06 ಜೂಲ್ ಸಾಕು. 6 ಗ್ರಾಂ ತೂಕವನ್ನು 1 ಮೀಟರ್ ಎತ್ತುವಷ್ಟು ಶಕ್ತಿ. ವಿಮಾನದ ಅಲ್ಯುಮಿನಿಯಮ್‌ನಲ್ಲಿ ಇದರ ಹತ್ತಾರು ಪಟ್ಟು ಬೇಕು. ಈ ಅಂತರ ನೋಡಿದಾಗ ಕಾರ್ಬನ್ ನಾರಿನ ಬಲದ ಬಗ್ಗೆ ಕೊಚ್ಚಿಕೊಳ್ಳುವ ಜಾಹೀರಾತುಗಳು ಅರ್ಧ ಸತ್ಯವನ್ನಷ್ಟೇ ಹೇಳುತ್ತವೆ ಎನಿಸುತ್ತದೆ.

ಪದರಗಳು ಬಾಯ್ಬಿಟ್ಟಂತೆ ತೆರೆದುಕೊಳ್ಳುವುದು ಒಂದು ಬಗೆ. ಇನ್ನೊಂದು ಬಗೆ ಜಾರುವುದು: ನೋಟ್‌ಬುಕ್ಕನ್ನು ಬಾಗಿಸಿದಾಗ ಹಾಳೆಗಳು ಒಂದರ ಮೇಲೊಂದು ಸರಿಯುತ್ತವಲ್ಲ, ಹಾಗೆ. ಜಾರಿಕೆಗೆ ಬೇಕಾದ ಶಕ್ತಿ ಸಾಮಾನ್ಯವಾಗಿ ಹೆಚ್ಚು. ನಿಜವಾದ ರೆಕ್ಕೆಯಲ್ಲಿ ಎರಡೂ ಬೆರೆತೇ ಬರುವುದರಿಂದ, ಎರಡನ್ನೂ ಬೇಕಾದ ಪ್ರಮಾಣದಲ್ಲಿ ಬೆರೆಸಿ ಅಳೆಯುವ ಉಪಕರಣವನ್ನು ನಾಸಾದ ಲ್ಯಾಂಗ್ಲಿ ಕೇಂದ್ರದಲ್ಲಿ ರೀಡರ್ ಮತ್ತು ಕ್ರೂಸ್ ರೂಪಿಸಿದರು.

ಪದರ ಬಿಡುವುದನ್ನು ಮುಂಚೆಯೇ ಲೆಕ್ಕಹಾಕುವ ಕಂಪ್ಯೂಟರ್ ಮಾದರಿಗೆ ಈ ಸಂಖ್ಯೆಗಳೇ ಆಹಾರ. ಇಂದು ಹೆಚ್ಚು ಬಳಕೆಯಲ್ಲಿರುವ ವಿಧಾನದ ಬೇರು ಬಾರೆನ್‌ಬ್ಲಾಟ್ ಮತ್ತು ಡಗ್‌ಡೇಲ್ 1960ರ ಆಸುಪಾಸಿನಲ್ಲಿ ಬರೆದ ಪ್ರಬಂಧಗಳಲ್ಲಿದೆ. ಎರಡು ಪದರಗಳ ನಡುವೆ ಒಂದು ಕಾಲ್ಪನಿಕ ಅಂಟನ್ನು ಇಡುತ್ತಾರೆ. ಪದರಗಳು ಅಗಲತೊಡಗಿದಂತೆ ಅಂಟಿನ ಎಳೆತ ಏರುತ್ತದೆ, ಶಿಖರ ಮುಟ್ಟುತ್ತದೆ, ಆಮೇಲೆ ಸಡಿಲಾಗುತ್ತ ಸೊನ್ನೆಗಿಳಿಯುತ್ತದೆ. ಈ ಏರಿಳಿತದ ಗೆರೆಯ ಕೆಳಗಿನ ವಿಸ್ತೀರ್ಣ ಪರೀಕ್ಷೆಯಲ್ಲಿ ಸಿಕ್ಕ ಶಕ್ತಿಗೆ ಸಮನಿರಬೇಕು. ಶಿಖರದ ಎಳೆತ 60 ಮೆಗಾಪಾಸ್ಕಲ್, ಶಕ್ತಿ 250 ಜೂಲ್ ಎಂದಿಟ್ಟುಕೊಂಡರೆ, ಪದರಗಳು 8 ಮೈಕ್ರಾನ್ ಅಗಲುವಷ್ಟರಲ್ಲಿ ಕಥೆ ಮುಗಿದಿರುತ್ತದೆ. ಒಂದು ಎಳೆಯ ದಪ್ಪಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ತೊಂದರೆಯೂ ಅಲ್ಲೇ ಇದೆ. ಇಷ್ಟು ಚಿಕ್ಕ ಘಟನೆಯನ್ನು ಹಿಡಿಯಲು ಕಂಪ್ಯೂಟರಿನೊಳಗಿನ ವಸ್ತುವನ್ನು ಮಿಲಿಮೀಟರಿಗಿಂತ ಸಣ್ಣ ತುಂಡುಗಳಾಗಿ ಸೀಳಬೇಕು. ಹತ್ತಾರು ಮೀಟರ್ ಉದ್ದದ ರೆಕ್ಕೆಯಲ್ಲಿ ಅದು ಆಗದ ಕೆಲಸ. ಆದ್ದರಿಂದ ಮಾದರಿಕಾರರು ಶಿಖರದ ಎಳೆತವನ್ನು ಬೇಕೆಂದೇ ತಗ್ಗಿಸಿ, ಶಕ್ತಿಯನ್ನು ಮಾತ್ರ ಹಾಗೇ ಉಳಿಸಿ, ತುಸು ದೊಡ್ಡ ತುಂಡುಗಳಲ್ಲಿ ಲೆಕ್ಕ ಸಾಗಿಸುತ್ತಾರೆ. ಮೊದಲೇ ಇರುವ ಬಿರುಕು ಬೆಳೆಯುವ ಲೆಕ್ಕ ಇದರಿಂದ ಅಷ್ಟೇನೂ ಕೆಡುವುದಿಲ್ಲ. ಗ್ರಿಫಿತ್ ಹೇಳಿದ್ದು ಸರಿ ಎನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಬಿರುಕು ಎರಡು ಪದರಗಳ ನಡುವೆಯಷ್ಟೇ ಇರದೆ ಇತರ ಬಗೆಯ ಒಡಕುಗಳೊಂದಿಗೆ ಕಲೆತರೆ ಕಷ್ಟ ಬೆಳೆಯುತ್ತದೆ. ಬ್ರಿಟನ್ನಿನ ಹಿಂಟನ್, ಸೋಡೆನ್ ಮತ್ತು ಅವರ ಸಂಗಡಿಗರು 1990ರ ದಶಕದಲ್ಲಿ ಒಂದು ದಿಟ್ಟ ಕೆಲಸಕ್ಕೆ ಕೈಹಾಕಿದರು. ಜಗತ್ತಿನ ಹೆಸರಾಂತ ಸಿದ್ಧಾಂತಿಗಳಿಗೆ ಒಂದೇ ಮಾಹಿತಿ, ಒಂದೇ 14 ಲೆಕ್ಕ ಕೊಟ್ಟು, ಪ್ರಯೋಗದ ಫಲಿತಾಂಶ ಬಚ್ಚಿಟ್ಟು, ಮೊದಲು ಭವಿಷ್ಯ ನುಡಿಯಲು ಕೇಳಿದರು. 2004ರಲ್ಲಿ ಮುಗಿಯುವಷ್ಟರಲ್ಲಿ 19 ಸಿದ್ಧಾಂತಗಳು ಕಣದಲ್ಲಿದ್ದವು. ಅವುಗಳ ಉತ್ತರಗಳು ಪ್ರಯೋಗದಿಂದ ಮಾತ್ರವಲ್ಲ, ಒಂದರಿಂದೊಂದೂ ದೂರ ದೂರ ಚದುರಿದ್ದವು. ತಮ್ಮ ಕ್ಷೇತ್ರದ ಕೊರತೆಯನ್ನು ಹೀಗೆ ಬಯಲಿಗಿಟ್ಟ ಈ ಪ್ರಯತ್ನದ ಬಗ್ಗೆ ನನಗೆ ಅಪಾರ ಗೌರವ.

ಬೆಂಗಳೂರಿಗೆ ಇದು ದೂರದ ಸಂಗತಿಯಲ್ಲ. ತೇಜಸ್ ಯುದ್ಧವಿಮಾನದ ಚೌಕಟ್ಟಿನ ತೂಕದಲ್ಲಿ ಸುಮಾರು 45% ಕಾಂಪೋಸಿಟ್. ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್, ಹೊದಿಕೆಯನ್ನೂ ಅದಕ್ಕೆ ಆಸರೆಯಾದ ಪಟ್ಟಿಗಳನ್ನೂ ಒಟ್ಟಿಗೇ ಬೇಯಿಸಿ ಒಂದೇ ಅಂಗವಾಗಿಸುವ ತಂತ್ರವನ್ನು ಇದಕ್ಕಾಗಿ ಪಳಗಿಸಿತು. ರಿವೆಟ್ಟುಗಳೂ ತೂಕವೂ ಕಡಿಮೆಯಾದವು. ಆದರೆ ಹೊದಿಕೆ ಮತ್ತು ಆಸರೆಯ ನಡುವಿನ ರಾಳದ ತೆಳು ಗೆರೆಯೇ ಈಗ ಬೆಸುಗೆ. ರಿವೆಟ್ ಇಲ್ಲದ ಕಡೆ ಅದು ಬಿಟ್ಟರೆ ಹಿಡಿಯಲು ಬೇರೇನಿಲ್ಲ.

ಹಕ್ಕಿಯ ಪರೀಕ್ಷೆಯನ್ನು ಕಾರ್ಬನ್ ಅಲಗುಗಳು ಕೊನೆಗೂ ಗೆದ್ದವು. ಜನರಲ್ ಎಲೆಕ್ಟ್ರಿಕ್ ಕಂಪನಿಯ ಜಿಇ90 ಎಂಜಿನ್ 1995ರಲ್ಲಿ ಬೋಯಿಂಗ್ 777 ಜೊತೆ ಹಾರಾಟಕ್ಕೆ ಬಂದಾಗ ಅದರ ಫ್ಯಾನಿನಲ್ಲಿದ್ದದ್ದು ಕಾಂಪೋಸಿಟ್ ಅಲಗುಗಳೇ. ಪದರಗಳ ನಡುವೆ ಬಿರುಕು ಓಡದಂತೆ ಪೆಡಸುತನ ತಗ್ಗಿಸಿದ ಇಪಾಕ್ಸಿ, ಹಕ್ಕಿ ಮೊದಲು ಬಡಿಯುವ ಅಂಚಿಗೆ ಟೈಟೇನಿಯಮ್ ಕವಚ.