ಶಾಲೆಯಿಂದ ಮನೆಗೆ

ಶಾಲೆಗೂ ಮನೆಗೂ ನಡುವೆ ಸುದ್ದಿಯನ್ನು ಹೊತ್ತು ತಿರುಗುವ ಕೆಲಸ ಬಹುಕಾಲ ಮಕ್ಕಳದೇ ಆಗಿದ್ದಿತು. ಪರೀಕ್ಷೆಯ ವೇಳಾಪಟ್ಟಿ, ಶುಲ್ಕ ಕಟ್ಟುವ ಕೊನೆಯ ದಿನ, ಪಾಲಕರ ಸಭೆ, ಎಲ್ಲವನ್ನೂ ಮೇಷ್ಟರು ಕರಿಹಲಗೆಯ ಮೇಲೆ ಬರೆಯುತ್ತಿದ್ದರು. ಮಕ್ಕಳು ಬರೆದುಕೊಂಡು ಹೋಗಿ ಮನೆಯಲ್ಲಿ ಹೇಳುತ್ತಿದ್ದರು. ಸುದ್ದಿ ಮಗುವಿನ ಪರವಾಗಿದ್ದಾಗ ಅದು ಓಡುತ್ತ ಮನೆಯನ್ನು ಸೇರುತ್ತಿದ್ದಿತು. ‘ನಾಳೆ ನಿಮ್ಮ ತಂದೆಯನ್ನು ಕರೆದುಕೊಂಡು ಬಾ’ ಎಂಬ ಆಜ್ಞೆ ಮಾತ್ರ ದಾರಿಯಲ್ಲಿ ಎಲ್ಲಿಯೋ ಉಳಿದುಬಿಡುತ್ತಿದ್ದಿತು. ತನ್ನ ಮೇಲಿನ ದೂರನ್ನು ತಾನೇ ಒಯ್ದು ಮುಟ್ಟಿಸಬೇಕೆಂದರೆ ಯಾವ ಅಂಚೆಯವನಿಗೆ ತಾನೆ ಉತ್ಸಾಹವಿದ್ದೀತು! ಅಂಕಪಟ್ಟಿಗೆ ತಂದೆಯ ರುಜುವನ್ನು ತಾವೇ ಹಾಕಿಕೊಂಡ ಚತುರರ ಕಥೆ ಹಳೆಯ ಶಾಲೆಗಳಲ್ಲಿ ಒಂದಾದರೂ ದೊರೆಯದೆ ಇರದು. ತೀರ ಅಗತ್ಯ ಬಿದ್ದಾಗ ಒಂದು ಕಾರ್ಡು ಬರೆಯುವುದು, ಸಂತೆಯಲ್ಲಿ ಸಿಕ್ಕ ಊರವರೊಡನೆ ಹೇಳಿ ಕಳುಹಿಸುವುದು, ಇಲ್ಲವೆ ಮೇಷ್ಟರೇ ಸಂಜೆಯ ಹೊತ್ತು ಮಗುವಿನ ಮನೆಯ ಕಡೆಗೆ ನಡೆಯುವುದು, ಇವು ಉಳಿದ ದಾರಿಗಳಾಗಿದ್ದವು.

ಇಂದು ಆ ಕೆಲಸದ ಬಹುಭಾಗವನ್ನು ಮೊಬೈಲ್ ಫೋನು ವಹಿಸಿಕೊಂಡಿದೆ. ಅದರಲ್ಲಿಯೂ 2009ರಲ್ಲಿ ಅಮೆರಿಕದಲ್ಲಿ ಹುಟ್ಟಿ, 2014ರಲ್ಲಿ ಫೇಸ್‌ಬುಕ್ ಸಂಸ್ಥೆಯ ಕೈಸೇರಿದ ವಾಟ್ಸಾಪ್ ಎಂಬ ಸಂದೇಶ ವ್ಯವಸ್ಥೆ ಹಳ್ಳಿಯ ಶಾಲೆಗಳಿಗೂ ಪರಿಚಿತವಾಗಿದೆ. ಒಂದು ತರಗತಿಯ ಮಕ್ಕಳ ಪಾಲಕರನ್ನೆಲ್ಲ ಒಂದು ಗುಂಪಾಗಿ ಸೇರಿಸಿ, ಒಮ್ಮೆ ಬರೆದುದು ಎಲ್ಲರಿಗೂ ಮುಟ್ಟುವಂತೆ ಮಾಡಲು ಇದರಲ್ಲಿ ಅನುಕೂಲವಿದೆ.

ಇದು ಕೆಲಸ ಮಾಡುವ ಬಗೆಯನ್ನು ಸ್ವಲ್ಪ ತಿಳಿದುಕೊಂಡರೆ ಇದರ ಶಕ್ತಿಯೂ ಮಿತಿಯೂ ಸ್ಪಷ್ಟವಾಗುತ್ತವೆ. ಮೇಷ್ಟರು ಬರೆದ ಸಂದೇಶ ನೇರವಾಗಿ ಪಾಲಕರ ಫೋನಿಗೆ ಹಾರುವುದಿಲ್ಲ. ಅದು ಮೊದಲು ಗೂಢಲಿಪಿಯಾಗಿ ಮಾರ್ಪಟ್ಟು, ಮೊಬೈಲ್ ಗೋಪುರವನ್ನು ದಾಟಿ, ಅಂತರಜಾಲದ ಮೂಲಕ ಸಂಸ್ಥೆಯ ಸರ್ವರ್ ಎಂಬ ಗಣಕಯಂತ್ರವನ್ನು ಸೇರುತ್ತದೆ. ಈ ಸರ್ವರ್ ಒಂದು ಅಂಚೆಕಚೇರಿ ಇದ್ದಂತೆ. ಪಾಲಕರ ಫೋನು ಅಂತರಜಾಲದ ಸಂಪರ್ಕದಲ್ಲಿದ್ದರೆ ಕ್ಷಣಮಾತ್ರದಲ್ಲಿ ಬಟವಾಡೆಯಾಗುತ್ತದೆ. ಇಲ್ಲವಾದರೆ ಸಂದೇಶ 30 ದಿನಗಳವರೆಗೆ ಅಲ್ಲಿ ಕಾದಿದ್ದು, ಆಮೇಲೆ ಅಳಿಸಿಹೋಗುತ್ತದೆ. ಗೂಢಲಿಪಿಯನ್ನು ಬಿಡಿಸುವ ಕೀಲಿ ಎರಡು ತುದಿಯ ಫೋನುಗಳಲ್ಲಿ ಮಾತ್ರ ಇರುವಂತಹ ಏರ್ಪಾಡು 2016ರಲ್ಲಿ ಎಲ್ಲರಿಗೂ ದೊರೆಯಿತು; ಆದ್ದರಿಂದ ನಡುವಿನ ಅಂಚೆಕಚೇರಿಯವರಿಗೆ ಪತ್ರವನ್ನು ಒಡೆದು ಓದಲಾಗದು. ಸಂದೇಶ ಹೊರಟಿತೆಂಬುದಕ್ಕೆ ಒಂದು ಟಿಕ್ ಗುರುತು, ಮುಟ್ಟಿತೆಂಬುದಕ್ಕೆ ಎರಡು, ತೆರೆದು ನೋಡಿದರೆಂಬುದಕ್ಕೆ ಆ ಎರಡೂ ನೀಲಿಯಾಗುವುದು. ಈ ನೀಲಿ ಬಣ್ಣ 2014ರಲ್ಲಿ ಬಂದಿತು. ಗುಂಪಿನಲ್ಲಿ ಪ್ರತಿಯೊಬ್ಬರೂ ತೆರೆದು ನೋಡುವವರೆಗೆ ಟಿಕ್ ನೀಲಿಯಾಗದು. ಯಾರು ನೋಡಿದ್ದಾರೆ, ಯಾರು ನೋಡಿಲ್ಲ ಎಂಬ ಪಟ್ಟಿಯನ್ನು ಮಾತ್ರ ಕಳುಹಿಸಿದವರು ಯಾವಾಗ ಬೇಕಾದರೂ ಕಾಣಬಹುದು. ಕಾರ್ಡು ಬರೆಯುತ್ತಿದ್ದ ಕಾಲದ ಮೇಷ್ಟರಿಗೆ ಇಂತಹ ಪಟ್ಟಿ ಕನಸಿನಲ್ಲಿಯೂ ಸಿಕ್ಕಿರಲಾರದು.

ಆದರೆ ಫೋನಿಗೆ ಮುಟ್ಟಿದ ಸುದ್ದಿ ಮನೆಗೆ ಮುಟ್ಟಿತೆನ್ನಲು ಬರುವುದಿಲ್ಲ. ಹಾಸನ ಜಿಲ್ಲೆಯ ಉತ್ತರದ ಅಂಚಿನ ಅರಸೀಕೆರೆಯನ್ನೇ ನೋಡಬಹುದು. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ರೈಲು ದಾರಿಯಿಂದ ಹಾಸನ, ಮೈಸೂರುಗಳ ದಾರಿ ಕವಲೊಡೆಯುವುದು ಇಲ್ಲಿ. ಮಳೆ ಕಡಿಮೆಯಾದ, ತೆಂಗನ್ನು ನೆಚ್ಚಿದ ಸೀಮೆ. ಇಂತಹ ಸೀಮೆಯಲ್ಲಿ ಮನೆಯ ಯಜಮಾನ ದುಡಿಮೆಗಾಗಿ ಬೆಂಗಳೂರಿಗೆ ಹೋಗಿ, ಹದಿನೈದು ದಿನಕ್ಕೋ ಹಬ್ಬಕ್ಕೋ ರೈಲು ಹತ್ತಿ ಬರುವುದುಂಟು. ಮನೆಯಲ್ಲಿರುವ ಒಂದೇ ಸ್ಮಾರ್ಟ್ ಫೋನು ಅವನ ಜೇಬಿನಲ್ಲಿರುತ್ತದೆ. ಶಾಲೆಯ ದಾಖಲೆಯಲ್ಲಿ ಬರೆಸಿದ ಸಂಖ್ಯೆಯೂ ಅದೇ. ‘ನಿಮ್ಮ ಮಗಳು ಮೂರು ದಿನದಿಂದ ಶಾಲೆಗೆ ಬಂದಿಲ್ಲ’ ಎಂಬ ಸಂದೇಶ ಅರೆಗಳಿಗೆಯಲ್ಲಿ ಬೆಂಗಳೂರನ್ನು ತಲಪುತ್ತದೆ. ಮಗಳು, ತಾಯಿ, ಅಜ್ಜಿ ಅರಸೀಕೆರೆಯ ಹಳ್ಳಿಯಲ್ಲಿದ್ದಾರೆ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ತಾವೇ ಬಳಸುವ ಮೊಬೈಲ್ ಉಳ್ಳವರು ನೂರಕ್ಕೆ 54 ಮಂದಿ. ಅದರಲ್ಲಿ ಗುಂಡಿಯ ಫೋನೂ ಸೇರಿತು. ಮಗು ಊಟ ಬಿಟ್ಟುದನ್ನೂ ಶಾಲೆ ಬಿಟ್ಟುದನ್ನೂ ಮೊದಲು ಅರಿಯುವವಳು ತಾಯಿ. ಪಾಲಕರ ಗುಂಪಿನಲ್ಲಿ ಆಕೆಯೇ ಇಲ್ಲದಿದ್ದರೆ ಆ ಗುಂಪು ಅರ್ಧ ಮನೆಯೊಡನೆ ಮಾತನಾಡಿದಂತಾಯಿತು.

ಈ ಕೊರತೆ ರಾಜ್ಯಕ್ಕೆಲ್ಲ ಒಮ್ಮೆಗೇ ಕಣ್ಣಿಗೆ ಬಿದ್ದುದು ಕೋವಿಡ್ ಕಾಲದಲ್ಲಿ. 2020ರ ಮಾರ್ಚಿಯಲ್ಲಿ ಶಾಲೆಗಳು ಮುಚ್ಚಿದವು. ಮಕ್ಕಳೇ ಬಾರದಿದ್ದಾಗ ಸುದ್ದಿ ಒಯ್ಯುವ ಹಳೆಯ ಅಂಚೆಯೂ ನಿಂತುಹೋಯಿತು. ಪಾಠ, ಅಭ್ಯಾಸ, ಯೋಗಕ್ಷೇಮ ಎಲ್ಲಕ್ಕೂ ಫೋನೇ ಗತಿಯಾಯಿತು. ಆ ವರ್ಷದ ಆಗಸ್ಟ್ ತಿಂಗಳಲ್ಲಿ ಕರ್ನಾಟಕದ ಶಿಕ್ಷಣ ಇಲಾಖೆ ‘ವಿದ್ಯಾಗಮ’ ಎಂಬ ಕಾರ್ಯಕ್ರಮವನ್ನು ಆರಂಭಿಸಿತು. ಅದರ ಮೊದಲ ಹೆಜ್ಜೆಯೇ ಗಮನಾರ್ಹವಾದುದು: ಅಂತರಜಾಲವುಳ್ಳ ಫೋನಿರುವ ಮನೆಯ ಮಕ್ಕಳು, ಸಾಧಾರಣ ಫೋನು ಮಾತ್ರ ಇರುವ ಮನೆಯ ಮಕ್ಕಳು, ಯಾವ ಫೋನೂ ಇಲ್ಲದ ಮಕ್ಕಳು ಎಂದು ವಿಂಗಡಿಸಿ, ಪ್ರತಿಯೊಂದು ಬಗೆಗೂ ಬೇರೆ ‘ಕಾಲ್ಪನಿಕ ತರಗತಿ’ಗಳನ್ನು ಮಾಡಿದರು. ಕೋಣೆಯಿಲ್ಲದ, ಪಟ್ಟಿಯಲ್ಲಿ ಮಾತ್ರ ಇರುವ ತರಗತಿಗಳವು. ಮೊದಲನೆಯವರಿಗೆ ಸಂದೇಶ, ಎರಡನೆಯವರಿಗೆ ಕರೆ, ಮೂರನೆಯವರಿಗೆ ಮೇಷ್ಟರ ಕಾಲ್ನಡಿಗೆ. ಮರದ ನೆರಳಿನಲ್ಲಿ, ದೇವಾಲಯದ ಜಗಲಿಯಲ್ಲಿ, ಸಮುದಾಯ ಭವನದಲ್ಲಿ ಮಕ್ಕಳನ್ನು ದೂರ ದೂರ ಕೂರಿಸಿ ಪಾಠ ನಡೆಯಿತು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಕಾರ್ಯಕ್ರಮವನ್ನು ನಿಲ್ಲಿಸಬೇಕಾಗಿ ಬಂದು, 2021ರ ಜನವರಿಯಲ್ಲಿ ಬದಲಾದ ರೂಪದಲ್ಲಿ ಮತ್ತೆ ತೊಡಗಿತು. ಅದರ ಗುಣದೋಷಗಳೇನೇ ಇರಲಿ, ಯಾವ ಮನೆಗೆ ಯಾವ ದಾರಿಯಲ್ಲಿ ಹೋಗಬೇಕೆಂದು ಮೊದಲು ಕೇಳಿಕೊಂಡುದು ವಿವೇಕದ ಕೆಲಸವಾಗಿದ್ದಿತು. ಶಾಲೆಗಳು ತೆರೆದ ಮೇಲೆ ಫೋನಿನ ಗುಂಪುಗಳು ಉಳಿದವು. ಆ ಪಟ್ಟಿಯನ್ನು ಹೊಸದಾಗಿಸಿಕೊಂಡು ಬಂದ ಶಾಲೆಗಳು ಎಷ್ಟಿದ್ದಾವು?

ಓದಿನ ವಿಚಾರವೂ ಇದಕ್ಕೆ ಸೇರಿದುದು. ಇದುವರೆಗೆ ದೊರೆತ ಕನ್ನಡ ಶಾಸನಗಳಲ್ಲಿ ಬಹು ಪ್ರಾಚೀನವೆಂದು ಪ್ರಸಿದ್ಧವಾದ, ಸುಮಾರು ಕ್ರಿ. ಶ. 450ರದೆಂದು ಹೇಳುವ ಕಲ್ಲು ಸಿಕ್ಕಿದುದು ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ. ಕನ್ನಡದ ಅಕ್ಷರ ಅಷ್ಟು ಹಿಂದೆಯೇ ನೆಲೆಯೂರಿದ ಜಿಲ್ಲೆಯಲ್ಲಿ, 2011ರ ಜನಗಣತಿಯ ಪ್ರಕಾರ, ಏಳು ವರ್ಷ ಮೀರಿದವರಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಸುಮಾರು 76 ಮಂದಿ. ಎಂದರೆ ನಾಲ್ವರಲ್ಲಿ ಒಬ್ಬರಿಗೆ ಬರೆದ ಸಂದೇಶ ಬರೆಯದುದಕ್ಕೆ ಸಮ. ಹಾಗಿರುವಾಗ, ಮೇಲಿನ ಕಚೇರಿಯಿಂದ ಬಂದ ಸುತ್ತೋಲೆಯನ್ನು ಅದರ ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂಬ ಒಕ್ಕಣೆಯ ಸಹಿತ ಹಾಗೆಯೇ ಗುಂಪಿಗೆ ದಾಟಿಸಿದರೆ ಯಾರಿಗೆ ಪ್ರಯೋಜನ? 2013ರಿಂದ ಇದರಲ್ಲಿ ಧ್ವನಿ ಸಂದೇಶ ಕಳುಹಿಸುವ ಸೌಲಭ್ಯವಿದೆ. ‘ವಿದ್ಯಾರ್ಥಿವೇತನದ ಅರ್ಜಿಗೆ ಶುಕ್ರವಾರ ಕೊನೆಯ ದಿನ, ಮಗುವಿನ ಆಧಾರ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು ತನ್ನಿ’ ಎಂದು ಮೇಷ್ಟರು ತಮ್ಮ ದನಿಯಲ್ಲಿ, ಆ ಊರಿನ ಮಾತಿನಲ್ಲಿ ಹೇಳಿದರೆ ಅಕ್ಷರ ಬಾರದ ಅಜ್ಜಿಗೂ ತಿಳಿಯುತ್ತದೆ. ಆ ಶುಕ್ರವಾರ ತಪ್ಪಿದರೆ ಒಂದು ವರ್ಷದ ವೇತನವೇ ಕೈಬಿಟ್ಟುಹೋಗಬಹುದು.

ಎಲ್ಲರಿಗೂ ಒಮ್ಮೆಗೇ ಮುಟ್ಟುವ ಗುಣವೇ ಭಯಂಕರವಾಗಲೂಬಹುದು. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ಸುದ್ದಿ ಈ ಸಂದೇಶಗಳ ಮೂಲಕ ದೇಶದ ಹಲವೆಡೆ ಹಬ್ಬಿತು. ಆ ಜುಲೈ ತಿಂಗಳಲ್ಲಿ ಬೀದರ್ ಜಿಲ್ಲೆಗೆ ಹೈದರಾಬಾದಿನಿಂದ ಬಂದಿದ್ದ ಕೆಲವು ಯುವಕರು ಶಾಲಾಮಕ್ಕಳಿಗೆ ಚಾಕೊಲೇಟು ಕೊಟ್ಟರು. ಅದನ್ನು ಕಂಡು ಸಂಶಯಗೊಂಡವರು ಫೋನಿನ ಗುಂಪಿನಲ್ಲಿ ಸುದ್ದಿ ಹಾಕಿದರು. ಮುಂದಿನ ಊರಾದ ಮುರ್ಕಿಯಲ್ಲಿ ಜನ ಸೇರಿ ಅವರ ಕಾರನ್ನು ತಡೆದು ಹೊಡೆದರು. ಒಬ್ಬ ಯುವಕ ಸತ್ತನು. ಅದೇ ತಿಂಗಳು ಸಂಸ್ಥೆ, ಒಂದು ಸಂದೇಶವನ್ನು ಭಾರತದಲ್ಲಿ ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ದಾಟಿಸಲಾಗದಂತೆ ಮಿತಿ ಹಾಕಿತು. ಮಕ್ಕಳ ಮೇಲಿನ ಪ್ರೀತಿಯೇ ಭಯವಾಗಿ, ಭಯವೇ ಕೊಲೆಯಾಗಿ ಮಾರ್ಪಟ್ಟ ಪ್ರಸಂಗವಿದು. ಪಾಲಕರ ಗುಂಪಿನಲ್ಲಿ ಇಂತಹ ಸುದ್ದಿ ಕಾಣಿಸಿಕೊಂಡಾಗ ಅದನ್ನು ಅಲ್ಲಿಯೇ ತಡೆದು, ಪೊಲೀಸ್ ಠಾಣೆಯಲ್ಲಿ ವಿಚಾರಿಸಿ, ನಿಜವನ್ನು ತಿಳಿಸುವುದು ಶಾಲೆಯ ಹೊಣೆಯಾಗುತ್ತದೆ. ಗುಂಪಿನ ಮೇಲ್ವಿಚಾರಕರು ಮಾತ್ರ ಬರೆಯಬಹುದೆಂಬ ಕಟ್ಟುಪಾಡನ್ನು ಹಾಕಲು ಅದೇ ವರ್ಷದಿಂದ ಅವಕಾಶವಿದೆ. ಆದರೆ ಅದರಿಂದ ಪಾಲಕರ ಬಾಯಿಯೂ ಮುಚ್ಚಿದಂತಾಗುತ್ತದೆ. ಹಾಗೆ ಮಾಡಿದ ಶಾಲೆ, ಉತ್ತರ ಕೊಡಲು ಬೇರೊಂದು ಸಂಖ್ಯೆಯನ್ನಾದರೂ ತಿಳಿಸಬೇಕು.

ಗುಂಪಿನಲ್ಲಿ ಹೇಳಬಾರದ ಸಂಗತಿಗಳೂ ಉಂಟು. ತರಗತಿಯ ಎಲ್ಲರ ಅಂಕಗಳ ಪಟ್ಟಿ, ಶುಲ್ಕ ಕಟ್ಟದವರ ಹೆಸರು, ಯಾವುದೋ ಮಗುವಿನ ಕಾಯಿಲೆ, ಮನೆಪಾಠ ಮಾಡದವನ ಫೋಟೋ, ಇವು ನಲವತ್ತು ಮನೆಗಳ ಜಗಲಿಯ ಮೇಲೆ ಒಮ್ಮೆಗೇ ಚರ್ಚೆಗೆ ಬಂದರೆ ಆ ಮಗು ಮರುದಿನ ಯಾವ ಮುಖದಿಂದ ತರಗತಿಗೆ ಬಂದೀತು? ಹಿಂದೆ ಮೇಷ್ಟರು ಗದರಿಸಿದರೆ ಅದು ಆ ಕೋಣೆಯಲ್ಲಿಯೇ ಮುಗಿಯುತ್ತಿದ್ದಿತು. ಈಗ ಅದು ಅಳಿಯದೆ ಉಳಿಯುವ ಬರಹವಾಗುತ್ತದೆ. ಗುಂಪಿಗೆ ಸೇರಿದೊಡನೆ ಒಬ್ಬರ ಫೋನ್ ಸಂಖ್ಯೆ ಮತ್ತೊಬ್ಬರಿಗೆ ಕಾಣಿಸುವುದೂ ಎಲ್ಲ ತಾಯಂದಿರಿಗೆ ಒಪ್ಪಿಗೆಯಾಗುವ ಸಂಗತಿಯಲ್ಲ. 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ, 18 ವರ್ಷ ತುಂಬದವರ ವೈಯಕ್ತಿಕ ಮಾಹಿತಿಗೆ ಪಾಲಕರ ಒಪ್ಪಿಗೆ ಬೇಕೆಂಬ ತತ್ವವನ್ನು ಎತ್ತಿಹಿಡಿದಿದೆ. ಕಾನೂನು ಬರುವುದಕ್ಕೆ ಮೊದಲೇ ಒಳ್ಳೆಯ ಮೇಷ್ಟರು ಇದನ್ನು ಬಲ್ಲವರಾಗಿದ್ದರು. ಮಗುವಿನ ಕೊರತೆಯನ್ನು ತಾಯಿಯೊಬ್ಬಳನ್ನೇ ಪಕ್ಕಕ್ಕೆ ಕರೆದು ಹೇಳುತ್ತಿದ್ದರು.

ಇನ್ನು ಬೆಳಗಿನ ಶುಭಾಶಯಗಳ ಹಾವಳಿ. ಹೂವಿನ ಚಿತ್ರಗಳ, ಹಬ್ಬದ ಹಾರೈಕೆಗಳ ರಾಶಿಯಡಿಯಲ್ಲಿ ಪರೀಕ್ಷೆಯ ವೇಳಾಪಟ್ಟಿ ಹೂತುಹೋಗುವುದು ದಿನನಿತ್ಯದ ಅನುಭವ. ರಾತ್ರಿ ಹತ್ತು ಗಂಟೆಗೆ ‘ನಾಳೆ ಯಾವ ಯೂನಿಫಾರಂ, ಮೇಷ್ಟ್ರೇ?’ ಎಂದು ಕೇಳುವ ಪಾಲಕರಿಗೆ ಉತ್ತರ ಕೊಡುವ ಮೇಷ್ಟರಿಗೂ ಮನೆಯಿದೆ, ಮಕ್ಕಳಿದ್ದಾರೆ; ಫೋನಿಗೆ ಕರೆನ್ಸಿ ಹಾಕಿಸಿದ ಹಣವೂ ಹೆಚ್ಚಾಗಿ ಅವರದೇ.

ಮುಖಾಮುಖಿ ಭೇಟಿಗೆ ಈ ಸಂದೇಶ ಬದಲಿಯಾಗಲಾರದು. ಭೇಟಿಯ ವೇಳೆಯನ್ನು ಗೊತ್ತುಮಾಡಲು ಇದು ಬಲು ಉಪಯುಕ್ತ. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಸರ್ಕಾರಿ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕು, ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಆದರೆ ಸಭೆಗೆ ಬಂದರಷ್ಟೇ ಸಮಿತಿ. ಹೊಯ್ಸಳರ ರಾಜಧಾನಿಯಾಗಿದ್ದ ಹಳೇಬೀಡಿನಲ್ಲಿ, 2023ರಲ್ಲಿ ಬೇಲೂರು, ಸೋಮನಾಥಪುರಗಳ ದೇವಾಲಯಗಳೊಡನೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹೊಯ್ಸಳೇಶ್ವರನ ಸನ್ನಿಧಿಯಲ್ಲಿ, ಪ್ರವಾಸಿಗರನ್ನು ನಂಬಿ ಬದುಕುವ ಮನೆಗಳಿವೆ. ಆಟೋ ಓಡಿಸುವವರಿಗೆ, ಎಳನೀರು ಮಾರುವವರಿಗೆ ಶನಿವಾರ, ಭಾನುವಾರಗಳೇ ಸಂಪಾದನೆಯ ದಿನಗಳು. ಶನಿವಾರ ಸಭೆ ಕರೆದು, ಯಾರೂ ಬರಲಿಲ್ಲವೆಂದು ಬೇಸರಪಡುವುದಕ್ಕಿಂತ, ‘ಯಾವ ದಿನ, ಎಷ್ಟು ಹೊತ್ತಿಗೆ ಬರಬಲ್ಲಿರಿ?’ ಎಂದು ಫೋನಿನಲ್ಲಿ ಕೇಳುವುದು ಸುಲಭ.

ಫೋನಿನ ಸುದ್ದಿ ಪ್ರಾಣವನ್ನೇ ಕಾಯಬಹುದಾದ ಸೀಮೆಯೂ ಇದೇ ತಾಲ್ಲೂಕಿನಲ್ಲಿದೆ. ಬೇಲೂರಿನ ಪಶ್ಚಿಮಕ್ಕೆ ಅರೇಹಳ್ಳಿ, ಬಿಕ್ಕೋಡುಗಳ ಸುತ್ತ ಕಾಫಿ ತೋಟಗಳು ಹಬ್ಬಿವೆ. ಅಲ್ಲಿ ಕಾಡಾನೆಗಳ ಹಿಂಡು ತೋಟಗಳ ನಡುವೆಯೇ ಸಂಚರಿಸುತ್ತವೆ. ಅವು ಯಾವ ಕಡೆ ಇವೆಯೆಂಬುದನ್ನು ಅರಣ್ಯ ಇಲಾಖೆ ಫೋನ್ ಸಂದೇಶಗಳ ಮೂಲಕ ಊರವರಿಗೆ ತಿಳಿಸುತ್ತದೆ. ಮಕ್ಕಳು ಶಾಲೆಗೆ ನಡೆದುಬರುವ ದಾರಿಯಲ್ಲಿ ಆನೆ ನಿಂತಿದೆಯೆಂಬ ಸುದ್ದಿ ಬೆಳಗ್ಗೆ ಏಳು ಗಂಟೆಗೆ ಮುಖ್ಯೋಪಾಧ್ಯಾಯರಿಗೆ ಬಂದಿತೆನ್ನೋಣ. ಅವರು ಧ್ವನಿ ಸಂದೇಶವನ್ನು ಗುಂಪಿಗೆ ಕಳುಹಿಸುತ್ತಾರೆ. ಹತ್ತು ನಿಮಿಷದಲ್ಲಿ ಪಟ್ಟಿಯನ್ನು ತೆರೆದು ನೋಡಿದರೆ ಬಹುಪಾಲು ಮನೆಗಳವರು ಸಂದೇಶವನ್ನು ತೆರೆದಿದ್ದಾರೆ. ನಾಲ್ಕು ಮನೆಗಳಿಗೆ ಅದು ಮುಟ್ಟಿಯೇ ಇಲ್ಲ. ಎರಡು ಮನೆ ಸಿಗ್ನಲ್ ಸಿಗದ ತಗ್ಗಿನಲ್ಲಿವೆ, ಇನ್ನೆರಡು ತೋಟದ ಲೈನ್‌ಮನೆಗಳು. ಅಲ್ಲಿ ಬೇರೆ ರಾಜ್ಯದಿಂದ ದುಡಿಯಲು ಬಂದವರಿದ್ದಾರೆ, ಅವರಿಗೆ ಕನ್ನಡ ಅಷ್ಟಕ್ಕಷ್ಟೆ. ಈ ಮನೆಗಳ ಹೆಸರು ದಾಖಲಾತಿ ಪುಸ್ತಕದಲ್ಲಿ ಮೊದಲೇ ಗುರುತಾಗಿದ್ದು, ಪಕ್ಕದಲ್ಲಿ ತೋಟದ ರೈಟರ ಸಂಖ್ಯೆ, ಹತ್ತಿರದ ಅಂಗಡಿಯವರ ಸಂಖ್ಯೆ ಬರೆದಿದ್ದರೆ ಎರಡು ಕರೆಗಳಲ್ಲಿ ಕೆಲಸವಾಗುತ್ತದೆ. ಬರೆದಿಲ್ಲವಾದರೆ ಆ ನಾಲ್ಕು ಮನೆಯ ಮಕ್ಕಳು ಏಳೂವರೆಗೆ ಚೀಲ ಹೆಗಲಿಗೇರಿಸಿ ಅದೇ ದಾರಿಯಲ್ಲಿ ಹೊರಡುತ್ತಾರೆ.